ಕ್ಯಾಪ್ಟನ್ ಪಾಲಿನ ನಡಿಗೆ

ನೀರಿನ ಮೀಟರ್ ಓದುವ ಕೆಲಸ ಅವಳದು. ಹಾಗಾಗಿ ಗೆಳತಿಯರ ಬಾಯಲ್ಲಿ ಅವಳ ಹೆಸರೇ ಮೀಟರ್. ಬೆಳಿಗ್ಗೆ ಎದ್ದು ಹೊರಟರೆ ಮಧ್ಯಾಹ್ನದವರೆಗೂ ಬೀದಿ ಬೀದಿ ಸುತ್ತಬೇಕು. ಗೇಟಿನ ಪಕ್ಕದ ಕಬ್ಬಿಣದ ಮುಚ್ಚಳವನ್ನು ಕೊಕ್ಕೆ ಹಾಕಿ ಎತ್ತಬೇಕು, ಕುಕ್ಕರುಗಾಲಲ್ಲಿ ಕೂತು ಗಾಜಿನ ಮೇಲಿನ ಕೆಸರನ್ನು ಹೆಬ್ಬೆರಳಲ್ಲಿ ಒರೆಸಿ ಅಂಕಿ ಓದಬೇಕು. ಆ ಬೀದಿಗಳ ನಾಯಿಗಳಿಗೆಲ್ಲ ಅವಳ ಹೆಜ್ಜೆಯ ಸದ್ದು ಗೊತ್ತಿತ್ತು. ಮನೆಯವರಿಗೆ ಅವಳ ಮುಖ ಅಷ್ಟಾಗಿ ಗೊತ್ತಿರಲಿಲ್ಲ.

ಸಂಜೆ ಮಾತ್ರ ಅವಳು ಕ್ಯಾಪ್ಟನ್ ಅಂಗಡಿಯಲ್ಲಿ. ಕ್ಯಾಪ್ಟನ್ ಅಂದರೆ ಅವಳ ಕಾಲೇಜು ದಿನಗಳ ವಾಲಿಬಾಲ್ ತಂಡದ ನಾಯಕಿ. ಈಗ ಮುಖ್ಯರಸ್ತೆಯ ಮೂಲೆಯಲ್ಲಿ ಟೈಲರಿಂಗ್ ಅಂಗಡಿ ಇಟ್ಟಿದ್ದಾಳೆ. ಆ ತಂಡದಲ್ಲಿ ಊರಲ್ಲೇ ಉಳಿದವರು ಇವರಿಬ್ಬರು, ಜೊತೆಗೆ ಬ್ಯೂಟಿ ಪಾರ್ಲರ್ ನಡೆಸುವ ಇನ್ನೊಬ್ಬಳು, ಇವರ ಬಾಯಲ್ಲಿ ಅವಳು ಪಾರ್ಲರ್. ಹೊಲಿಗೆ ಯಂತ್ರ ನಿಂತ ಮೇಲೆ, ಬಟ್ಟೆ ಕತ್ತರಿಸುವ ಉದ್ದನೆಯ ಮೇಜಿನ ಮೇಲೆ ದಾರದ ಡಬ್ಬಿಗೆ ಫೋನು ಒರಗಿಸಿಟ್ಟು ಮೂವರೂ ಯಾವುದಾದರೂ ಮ್ಯಾಚು ಹಾಕಿಕೊಂಡು ಕೂರುತ್ತಿದ್ದರು. ನೋಡುತ್ತಿದ್ದದ್ದು ಕಡಿಮೆ, ಆಡುತ್ತಿದ್ದ ಮಾತೇ ಹೆಚ್ಚು.

"ಆ ಹುಡುಗಿ ನೋಡೇ, ಎಷ್ಟು ಎತ್ತರಕ್ಕೆ ಹಾರ್ತಾಳೆ!" ಅಂದಳು ಪಾರ್ಲರ್.

"ಹಾರದೆ ಏನು? ಅವಳ ಊಟ ಅಳೆಯೋಕೆ ಒಬ್ಬರು, ನಿದ್ದೆ ಅಳೆಯೋಕೆ ಒಬ್ಬರು," ಕ್ಯಾಪ್ಟನ್ ಗುಂಡಿಗೆ ದಾರ ಪೋಣಿಸುತ್ತ ಹೇಳಿದಳು. "ನಮಗೆ ಕೋಚ್ ಅಂತ ಇದ್ದದ್ದು ಯಾರು? ಲೈಬ್ರರಿ ಮೇಷ್ಟ್ರು."

"ಪಾಪ, ಅವರಿಗೆ ಪೀಪಿ ಊದೋಕೂ ಸಂಕೋಚ. ಗೆದ್ದು ಕೂಗಿದ್ರೆ ‘ಶ್, ನಿಧಾನ’ ಅಂತಿದ್ರು."

ಮೀಟರ್ ಬಿದ್ದು ಬಿದ್ದು ನಕ್ಕಳು. ಪಾರ್ಲರ್ ಫೋನು ಅಷ್ಟರಲ್ಲಿ ಟಿಣ್ ಅಂದಿತು. ನೀರು ಕುಡಿಯಲು ನೆನಪಿಸುವ ಆ್ಯಪ್ ಅದು. "ನೋಡಿ ಇದನ್ನ. ಮದುವೆಯಾಗಿ ಇಷ್ಟು ವರ್ಷ ಆಯ್ತು, ನೀರು ಕುಡಿದ್ಯಾ ಅಂತ ಗಂಡ ಒಂದಿನ ಕೇಳಿಲ್ಲ. ಇದು ಗಂಟೆಗೊಂದ್ಸಲ ಕೇಳುತ್ತೆ."

"ಕುಡಿ, ಕುಡಿ. ನಿಮ್ಮನೆ ಮೀಟರ್ ಓಡಿದ್ರೆ ನನ್ನ ಹೊಟ್ಟೆ ತುಂಬೋದು," ಅಂದಳು ಮೀಟರ್.

"ನಿಮ್ಮದೇ ವಾಸಿ. ನನ್ನ ಕೈಗೆ ಮಗಳು ಪೊಲೀಸನ್ನೇ ಕಟ್ಟಿ ಹೋಗಿದ್ದಾಳೆ," ಕ್ಯಾಪ್ಟನ್ ಮಣಿಕಟ್ಟು ಎತ್ತಿ ತೋರಿಸಿದಳು. ಕಪ್ಪು ಪಟ್ಟಿಯ ವಾಚು. ಎಷ್ಟು ನಡೆದಳು, ಎದೆ ಎಷ್ಟು ಬಡಿಯಿತು, ಎಲ್ಲವನ್ನೂ ಅದು ಫೋನಿಗೆ ಹೇಳುತ್ತಿತ್ತು. ಫೋನು ಬೇರೆ ಊರಲ್ಲಿ ಟೀಚರಾಗಿರುವ ಮಗಳಿಗೆ ಹೇಳುತ್ತಿತ್ತು. ಹಿಂದಿನ ವಾರ ಮಹಡಿ ಹತ್ತುವಾಗ ಕ್ಯಾಪ್ಟನ್‌ಗೆ ಎದೆ ಹಿಡಿದಂತಾಗಿತ್ತು. ಡಾಕ್ಟರು ಗುಳಿಗೆ ಕೊಟ್ಟು, ದಿನಾ ನಿಧಾನಕ್ಕೆ ನಡೆಯಿರಿ, ಬರುವ ತಿಂಗಳು ಟ್ರೆಡ್‌ಮಿಲ್ ಮೇಲೆ ನಡೆಸಿ ಪರೀಕ್ಷೆ ಮಾಡೋಣ ಎಂದಿದ್ದರು. ಕ್ಯಾಪ್ಟನ್ ಮಾತ್ರ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ಶಾಲೆಯ ಯೂನಿಫಾರ್ಮುಗಳ ರಾಶಿ ಅವಳ ಸುತ್ತ ಗೋಡೆಯಂತೆ ಬೆಳೆದಿತ್ತು.

"ನಿನ್ನೆ ಫೋನಲ್ಲಿ ಬೈದಳು. ಅಮ್ಮಾ, ನಮ್ಮನೆ ಗೋಡೆಗಡಿಯಾರದ ಮುಳ್ಳು ನಿನಗಿಂತ ಜಾಸ್ತಿ ನಡೆಯುತ್ತೆ ಅಂತ."

"ಕೊಡಿಲ್ಲಿ," ಮೀಟರ್ ಕೈ ಚಾಚಿದಳು. "ನಾನು ಹೇಗಿದ್ರೂ ಊರೆಲ್ಲ ಸುತ್ತಬೇಕು. ನಿನ್ನ ಪಾಲಿನದ್ದೂ ನಾನೇ ನಡೆದು ಬರ್ತೀನಿ."

ಪಾರ್ಲರ್ ಚಪ್ಪಾಳೆ ತಟ್ಟಿದಳು. "ಸಬ್‌ಸ್ಟಿಟ್ಯೂಟ್ ಬಂದಳು! ಕಾಲೇಜಲ್ಲಿ ಬೆಂಚು ಕಾದವಳಿಗೆ ಕೊನೆಗೂ ಆಡೋ ಯೋಗ ಬಂತು."

ತಮಾಷೆಗೆ ಅಂದ ಮಾತು. ಮರುದಿನ ಬೆಳಿಗ್ಗೆ ವಾಚು ಮೀಟರ್ ಕೈಯಲ್ಲಿತ್ತು.

ಅಲ್ಲಿಂದ ಅದು ರೂಢಿಯಾಯಿತು. ಕೆಲಸಕ್ಕೆ ಹೋಗುವಾಗ ಅಂಗಡಿಯ ಬಾಗಿಲಲ್ಲಿ ವಾಚು ಕಟ್ಟಿಸಿಕೊಳ್ಳುವುದು, ಸಂಜೆ ಬಿಚ್ಚಿ ಮೇಜಿನ ಮೇಲಿಡುವುದು. ಬಿಚ್ಚಿಟ್ಟ ಕೂಡಲೇ ಅಂಕಿಗಳೆಲ್ಲ ಕ್ಯಾಪ್ಟನ್ ಫೋನಿಗೆ ಇಳಿಯುತ್ತಿದ್ದವು. ಒಂದು ದಿನ ಬೀದಿನಾಯಿ ಅಟ್ಟಿಸಿಕೊಂಡು ಬಂದು ಮೀಟರ್ ಓಟ ಕಿತ್ತಾಗ, ಸಂಜೆ ಮಗಳಿಂದ ಸಂದೇಶ ಬಂತು: ಅಮ್ಮಾ, ಇವತ್ತು ಓಡಿದ್ಯಾ? ಮೂವರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ನಾಯಿಗೂ ಒಂದು ಥ್ಯಾಂಕ್ಸ್ ಹೇಳೋಕೆ ಹೇಳು," ಅಂದಳು ಪಾರ್ಲರ್.

ತಿಂಗಳು ಕಳೆಯಿತು. ಮಗಳು ರಜೆ ಹಾಕಿ ಬಂದು ಅಮ್ಮನನ್ನು ಡಾಕ್ಟರ ಬಳಿ ಕರೆದೊಯ್ದು, ಆ ರಾತ್ರಿಯ ಬಸ್ಸಿಗೇ ವಾಪಸಾದಳು. ಮರುದಿನ ಸಂಜೆ ಕ್ಯಾಪ್ಟನ್ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ.

"ಪರೀಕ್ಷೆ ಬೇಡವಂತೆ ಕಣ್ರೇ! ಮಗಳು ಫೋನಲ್ಲಿ ಗ್ರಾಫೆಲ್ಲ ತೋರಿಸಿದಳು. ಡಾಕ್ಟರಿಗೆ ಖುಷಿಯೋ ಖುಷಿ. ಇಷ್ಟು ನಡೆದರೂ ಏನೂ ತೊಂದರೆ ಇಲ್ಲ, ಬಡಿತವೂ ಇಷ್ಟು ಚೆನ್ನಾಗಿದೆ, ಅವಸರ ಏನಿಲ್ಲ, ಆರು ತಿಂಗಳು ಬಿಟ್ಟು ನೋಡೋಣ ಅಂದ್ರು."

ಪಾರ್ಲರ್ "ಪಾರ್ಟಿ ಕೊಡು" ಅಂದಳು. ಮೀಟರ್ ಕೂಡ ನಗಲು ಬಾಯಿ ತೆರೆದಳು. ಆದರೆ ಮೇಜಿನ ಮೇಲಿದ್ದ ವಾಚು ಕಣ್ಣಿಗೆ ಬಿತ್ತು. ಡಾಕ್ಟರು ಮೆಚ್ಚಿದ ಆ ಬಡಿತ ಯಾರದು? ಆವರೆಗೆ ಅವಳು ಕಾಲುಗಳನ್ನಷ್ಟೇ ಲೆಕ್ಕಕ್ಕೆ ಹಿಡಿದಿದ್ದಳು. ತನ್ನ ಎದೆಯನ್ನೂ ಗೆಳತಿಯ ಹೆಸರಲ್ಲಿ ಆಸ್ಪತ್ರೆಗೆ ಕಳಿಸಿದ್ದು ಅವಳಿಗೆ ಹೊಳೆದೇ ಇರಲಿಲ್ಲ.

ಕ್ಯಾಪ್ಟನ್ ಸೋಮಾರಿ, ಅಷ್ಟೇ, ಅವಳಿಗೇನೂ ಆಗಿಲ್ಲ ಎಂದು ಎರಡು ದಿನ ತನಗೆ ತಾನೇ ಹೇಳಿಕೊಂಡಳು. ಮೂರನೆಯ ದಿನ ಕೆಲಸ ಬೇಗ ಮುಗಿದು ಅಂಗಡಿಯ ಕಡೆ ತಿರುಗಿದಾಗ, ಕ್ಯಾಪ್ಟನ್ ರಸ್ತೆಯ ಆಚೆ ವಿದ್ಯುತ್ ಕಂಬಕ್ಕೆ ಒರಗಿ ನಿಂತಿದ್ದು ಕಂಡಿತು. ಒಂದು ಕೈಯಲ್ಲಿ ಬಟ್ಟೆಯ ಚೀಲ, ಇನ್ನೊಂದರಲ್ಲಿ ಫೋನು. ತಲೆ ತಗ್ಗಿಸಿ ಏನನ್ನೋ ಓದುತ್ತಿದ್ದಂತಿತ್ತು. ಹತ್ತಿರ ಹೋದಾಗ ಮೀಟರ್ ನೋಡಿದಳು: ಫೋನಿನ ಪರದೆ ಕಪ್ಪಾಗಿತ್ತು. ಕ್ಯಾಪ್ಟನ್ ತುಟಿಯ ಸುತ್ತ ಬೆವರು. ಅವಳು ಓದುತ್ತಿರಲಿಲ್ಲ, ಉಸಿರಿಗೆ ಕಾಯುತ್ತಿದ್ದಳು.

"ಎಷ್ಟು ದಿನದಿಂದ ಹೀಗೆ?"

"ಏನು ಹೀಗೆ? ಮೆಸೇಜ್ ನೋಡ್ತಿದ್ದೆ."

"ನಡೆಯೋಕಾಗದೆ ನಡೀತಿರಲಿಲ್ಲ ನೀನು. ಯೂನಿಫಾರ್ಮ್ ಬರೀ ನೆಪ."

ಕ್ಯಾಪ್ಟನ್ ಚೀಲವನ್ನು ನೆಲಕ್ಕಿಟ್ಟಳು. "ಆ ಯಂತ್ರದ ಮೇಲೆ ಹತ್ತಿಸಿ, ಎದೆಗೆಲ್ಲ ವೈರು ಅಂಟಿಸಿ ಓಡಿಸ್ತಾರೆ. ಅರ್ಧದಲ್ಲಿ ನಿಂತುಬಿಟ್ರೆ? ನಾನು ಯಾವತ್ತಾದ್ರೂ ಆಟದ ಮಧ್ಯೆ ಕೋರ್ಟ್ ಬಿಟ್ಟು ಬಂದಿದ್ದು ನೋಡಿದ್ದೀಯಾ ನೀನು?"

"ಮಗಳಿಗೆ ಹೇಳು. ಇಲ್ಲದಿದ್ರೆ ನಾನು ಹೇಳ್ತೀನಿ."

"ನೀನಾ? ಕೊಡಿಲ್ಲಿ ಅಂತ ಕೈ ಚಾಚಿದ್ದು ಯಾರೇ?" ಅಂದವಳು ಮರುಕ್ಷಣವೇ ದನಿ ಇಳಿಸಿದಳು. "ಈ ಆರ್ಡರ್ ಒಂದು ಮುಗೀಲಿ. ನಾನೇ ಹೇಳ್ತೀನಿ. ಅಲ್ಲಿವರೆಗೆ ಕಟ್ಟಿಕೋ. ನಿನ್ನ ದಮ್ಮಯ್ಯ."

ಕ್ಯಾಪ್ಟನ್ ಯಾರಿಗೂ ದಮ್ಮಯ್ಯ ಅಂದದ್ದನ್ನು ಮೀಟರ್ ಕೇಳಿರಲಿಲ್ಲ. ಮರುದಿನ ಬೆಳಿಗ್ಗೆ ಅವಳು ಮತ್ತೆ ಮಣಿಕಟ್ಟು ಚಾಚಿದಳು.

ಆ ವಾರ ನಡೆದಷ್ಟು ಕಷ್ಟಪಟ್ಟು ಅವಳು ಯಾವತ್ತೂ ನಡೆದಿರಲಿಲ್ಲ. ಮುಚ್ಚಳ ಎತ್ತುವಾಗ, ಕೂತೇಳುವಾಗ, ಇಳಿಜಾರಿನ ಬೀದಿ ಏರುವಾಗ ಪ್ರತಿ ಹೆಜ್ಜೆಯೂ ಒಂದು ಸುಳ್ಳು ಎನಿಸುತ್ತಿತ್ತು. ನಿಧಾನ ಮಾಡಿದರೂ ಸುಳ್ಳು, ಬೇಗ ನಡೆದರೂ ಸುಳ್ಳು. ಗೇಟಿನ ನೆರಳಲ್ಲಿ ನಿಂತು ವಾಚು ಬಿಚ್ಚಿ ಜೇಬಿಗೆ ಹಾಕುತ್ತಿದ್ದಳು. ಕ್ಯಾಪ್ಟನ್‌ನ ಬೆವೆತ ಮುಖ ನೆನಪಾಗಿ ಮತ್ತೆ ಕಟ್ಟುತ್ತಿದ್ದಳು. ತನ್ನ ಎದೆಗೆ ಯಾವ ತೊಂದರೆಯೂ ಇರಲಿಲ್ಲ. ಅದೇ ಅವಳಿಗೆ ನಾಚಿಕೆ ತಂದಿತು.

ಶನಿವಾರ ಸಂಜೆ ಫುಟ್‌ಬಾಲ್ ಇತ್ತು. ಪಾರ್ಲರ್ ಅಂದು ಚೆನ್ನಾಗಿಯೇ ರೇಗಿಸುತ್ತಿದ್ದಳು. "ಇವನು ನೋಡ್ರೇ, ಯಾರೂ ಮುಟ್ಟೇ ಇಲ್ಲ, ಹೇಗೆ ಉರುಳಾಡ್ತಾನೆ. ನಮ್ಮನೆಯವರೂ ಹೀಗೇ. ಪಾತ್ರೆ ತೊಳಿ ಅಂದ್ರೆ ಸೊಂಟ ಹಿಡ್ಕೊಳ್ತಾರೆ."

"ಕೆಂಪು ಕಾರ್ಡ್ ತೋರಿಸು," ಅಂದಳು ಕ್ಯಾಪ್ಟನ್. ಅಷ್ಟರಲ್ಲಿ ಆಟ ಮಾಯವಾಗಿ ಪರದೆಯ ಮೇಲೆ ಮಗಳ ಮುಖ ಬಂತು. ವಿಡಿಯೋ ಕರೆ.

"ಅಮ್ಮಾ, ಚಿಕ್ಕಮ್ಮ ಇದ್ದಾರಾ? ಫೋನ್ ಆ ಕಡೆ ತಿರುಗಿಸು." ಮೀಟರ್‌ಳನ್ನು ಅವಳು ಚಿಕ್ಕಂದಿನಿಂದ ಚಿಕ್ಕಮ್ಮ ಎಂದೇ ಕರೆದವಳು. "ಚಿಕ್ಕಮ್ಮಾ, ದಿನಾ ಅಮ್ಮನನ್ನ ಎಬ್ಬಿಸಿ ನಡೆಸ್ತಿರೋದು ನೀವಂತೆ. ಇಷ್ಟು ದಿನ ರಾತ್ರಿ ನಿದ್ದೆ ಇರಲಿಲ್ಲ ನಂಗೆ. ಈಗ ನಿಶ್ಚಿಂತೆಯಾಗಿ ಮಲಗ್ತೀನಿ. ನಿಮ್ಮ ಉಪಕಾರ ಮರೆಯಲ್ಲ."

ಕ್ಯಾಪ್ಟನ್ ಮೇಜಿನ ಕೆಳಗೆ ಮೀಟರ್‌ಳ ಕೈ ಹಿಡಿದು ಒತ್ತಿದಳು. ಸುಮ್ಮನಿರು ಎಂದೇ ಅದರ ಅರ್ಥ.

"ಅದು ನಾನು ನಡೆದದ್ದು," ಅಂದಳು ಮೀಟರ್. ತನ್ನ ದನಿ ತನಗೇ ಅಪರಿಚಿತವಾಗಿ ಕೇಳಿಸಿತು. "ವಾಚು ನನ್ನ ಕೈಯಲ್ಲಿತ್ತು ಕಣಮ್ಮಾ. ಮೊದಲ ದಿನದಿಂದ. ಆ ಬಡಿತ ನನ್ನದು. ನಿಮ್ಮಮ್ಮನಿಗೆ ರಸ್ತೆ ದಾಟೋಕೂ ಉಸಿರು ಸಾಲ್ತಿಲ್ಲ."

ಮಗಳ ಮುಖ ಪರದೆಯ ಮೇಲೆ ಅಲ್ಲಾಡದೆ ನಿಂತಿತ್ತು. ನೆಟ್‌ವರ್ಕ್ ಹೋಯಿತೇನೋ ಎಂದುಕೊಳ್ಳುವಷ್ಟು ಹೊತ್ತು. ಕ್ಯಾಪ್ಟನ್ ಕೈ ಬಿಟ್ಟಳು. ಎದ್ದು, ಕತ್ತರಿಯನ್ನು ಅದರ ಜಾಗಕ್ಕೆ ಸೇರಿಸಿ, ದೀಪ ಆರಿಸಿದಳು. ಗೆಳತಿಯರಿಬ್ಬರೂ ಇನ್ನೂ ಒಳಗೇ ಕೂತಿದ್ದರು.

ಸೋಮವಾರ ಮಗಳು ಬಂದಳು. ಮೀಟರ್‌ಳನ್ನು ಆಸ್ಪತ್ರೆಗೆ ಬನ್ನಿ ಎಂದು ಯಾರೂ ಕರೆಯಲಿಲ್ಲ. ಅವಳು ಅರ್ಧ ದಿನ ರಜೆ ಹಾಕಿ ತಾನೇ ಹೋದಳು. ಕಾರಿಡಾರಿನ ಕುರ್ಚಿಗಳಲ್ಲಿ ಮಗಳು ಒಂದು ತುದಿಗೆ, ಇವಳು ಇನ್ನೊಂದು ತುದಿಗೆ. ಮಗಳು ಒಮ್ಮೆ ಮಾತ್ರ ತಿರುಗಿ, "ಮೊದಲೇ ಹೇಳಬಾರದಿತ್ತಾ ಚಿಕ್ಕಮ್ಮಾ?" ಅಂದಳು. ಕೂಗಾಡಿದ್ದರೆ ತಡೆದುಕೊಳ್ಳಬಹುದಿತ್ತು.

ಮುಚ್ಚಿದ ಬಾಗಿಲಿನಾಚೆ ಯಂತ್ರದ ಗುಂಯ್‌ಗುಟ್ಟುವಿಕೆ ಶುರುವಾಯಿತು. ಅದರ ಮೇಲೆ ಹೆಜ್ಜೆಗಳ ಸದ್ದು, ಭಾರವಾಗಿ, ಒಂದರ ಹಿಂದೊಂದು. ಮೀಟರ್‌ಗೆ ತನ್ನ ಕಾಲುಗಳನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಸ್ವಲ್ಪ ಹೊತ್ತಿಗೇ ಸದ್ದು ನಿಂತಿತು. ಹೊರಗೆ ಬಂದ ಡಾಕ್ಟರು ಮಗಳನ್ನು ಪಕ್ಕಕ್ಕೆ ಕರೆದರು: ಪೂರ್ತಿ ಮಾಡಲಾಗಲಿಲ್ಲ, ರಕ್ತನಾಳದಲ್ಲಿ ತಡೆ ಇರುವಂತಿದೆ, ಇವತ್ತೇ ದಾಖಲು ಮಾಡಿ, ನಾಳೆ ನೋಡಿ ಸರಿಪಡಿಸೋಣ, ಆರು ತಿಂಗಳು ಕಾಯುವ ವಿಷಯವಾಗಿರಲಿಲ್ಲ ಇದು.

ಮಗಳು ಕಾಗದಪತ್ರಕ್ಕೆ ಓಡಿದಳು. ನರ್ಸು ಕ್ಯಾಪ್ಟನ್‌ಳನ್ನು ಕರೆತಂದು ಕುರ್ಚಿಯಲ್ಲಿ ಕೂರಿಸಿ, ಗಾಲಿಕುರ್ಚಿ ತರಲು ಹೋದರು. ಇಬ್ಬರ ನಡುವೆ ಒಂದು ಕುರ್ಚಿ ಖಾಲಿ ಇತ್ತು.

"ಅರ್ಧದಲ್ಲೇ ನಿಂತೆ," ಅಂದಳು ಕ್ಯಾಪ್ಟನ್, ಗೋಡೆಗೆ ಹೇಳುವಂತೆ.

"ಗೊತ್ತಾಯ್ತು."

"ಎಲ್ಲರೆದುರು ಹೇಳಬಾರದಿತ್ತು ನೀನು. ಮಗಳ ಮುಖ ನೋಡೋಕಾಗದ ಹಾಗೆ ಮಾಡಿದೆ."

"ಹೌದು."

"ಬರೀ ಹೌದು ಅಂದ್ರೆ?"

"ಇನ್ನೇನು ಹೇಳ್ಲಿ? ಹೇಳಿದ್ದೂ ತಪ್ಪು, ಇಷ್ಟು ದಿನ ಹೇಳದೆ ಇದ್ದದ್ದು ಅದಕ್ಕಿಂತ ತಪ್ಪು. ನಾಳೆ ನಿನಗೆ ಏನಾದ್ರೂ ಆದ್ರೆ…"

"ಆಗಲ್ಲ ಸುಮ್ಮನಿರು," ಕ್ಯಾಪ್ಟನ್ ಗದರಿದಳು. ಉಸಿರು ಸಾಲದೆ ಮಾತು ಅಲ್ಲಿಗೇ ನಿಂತಿತು. ಉಸಿರು ತಹಬಂದಿಗೆ ಬಂದ ಮೇಲೆ, "ನಿನ್ನ ಮೇಲೆ ಕೋಪ ಇಳಿದಿಲ್ಲ ನನಗೆ," ಅಂದಳು.

"ಇರಲಿ."

ಗಾಲಿಕುರ್ಚಿ ಬಂತು. ಮಗಳು ಅಮ್ಮನ ತೋಳು ಹಿಡಿದು ಎಬ್ಬಿಸಿದಳು. ಇನ್ನೊಂದು ತೋಳಿಗೆ ಮೀಟರ್ ಕೈ ಹಾಕಲಿಲ್ಲ. ಆ ಧೈರ್ಯ ಅವಳಿಗಿರಲಿಲ್ಲ. ನೆಲದ ಮೇಲಿದ್ದ ಚಪ್ಪಲಿಗಳನ್ನು ಎತ್ತಿಕೊಂಡು ಹಿಂದೆ ಹೊರಟಳು. ಕ್ಯಾಪ್ಟನ್ ಒಮ್ಮೆ ತಿರುಗಿ ನೋಡಿದಳು. ಬರಬೇಡ ಅನ್ನಲಿಲ್ಲ.