ಭಾವನ ಹಾಲಿಗೆ ಅಕ್ಕ ಬೆರೆಸಿದ್ದು

ನಮ್ಮಕ್ಕ ಇಸ್ತ್ರಿ ಅಂಗಡಿಯವಳು. ಮಹಡಿ ಮೆಟ್ಟಿಲ ಕೆಳಗೆ ಗೂಡಿನಂಥ ಜಾಗ, ಒಂದು ಮೇಜು, ಅದರ ಮೇಲೆ ಮಡಿಸಿ ಹಾಸಿದ ಹಳೇ ಕಂಬಳಿ. ಕಾಲರಿನಲ್ಲಿ ಒಂದು ಸುಕ್ಕು ಉಳಿದರೂ ಅವಳಿಗೆ ಊಟ ಸೇರದು. ಬಾಯಿ ಇಸ್ತ್ರಿಪೆಟ್ಟಿಗೆಗಿಂತ ಬಿಸಿ. ಸುಳ್ಳು ಹೇಳುವವರನ್ನು ಕಂಡರೆ ಮೈಯೆಲ್ಲ ಉರಿ. ಅಂಥವಳೇ ಕಟ್ಟಿಕೊಂಡ ಗಂಡನಿಗೆ ವರ್ಷಗಟ್ಟಲೆ ಮೋಸ ಮಾಡಿದಳು ಎಂದರೆ ನಾನಾದರೂ ಹೇಗೆ ನಂಬಲಿ?

ಭಾವ ಬಸ್ ಡ್ರೈವರ್ ಆಗಿದ್ದವನು. ಕೆಲಸದಿಂದ ನಿವೃತ್ತಿಯಾದರೂ ನಿದ್ದೆಯಲ್ಲಿ ಬಸ್ಸು ಓಡಿಸುವುದನ್ನು ಬಿಡಲಿಲ್ಲ. "ಇಳೀರಿ, ಬೇಗ ಇಳೀರಿ" ಎಂದು ಕೂಗುತ್ತ ಬ್ರೇಕ್ ಒತ್ತುತ್ತಿದ್ದ. ಬ್ರೇಕ್ ಇದ್ದದ್ದು ಅಕ್ಕನ ಮೊಣಕಾಲಿನಲ್ಲಿ. ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ನಿದ್ದೆಗೆಟ್ಟ ಅಕ್ಕ ಗಿರಾಕಿಯೊಬ್ಬರ ರೇಷ್ಮೆ ಸೀರೆ ಸುಟ್ಟಳು, ಆಮೇಲೆ ತನ್ನ ಅಂಗೈಯನ್ನೇ ಸುಟ್ಟುಕೊಂಡಳು. ಡಾಕ್ಟರ ಹತ್ತಿರ ಹೋಗೋಣ ಎಂದರೆ ಭಾವ, "ನಿದ್ದೆ ಮಾತ್ರೆ ನುಂಗೋಕೆ ನಂಗೇನು ಹುಚ್ಚಾ?" ಎಂದ. ಅಕ್ಕ ಜಗಳವಾಡಲಿಲ್ಲ. ಗುರುತಿನ ಔಷಧಿ ಅಂಗಡಿಯಿಂದ ಮಾತ್ರೆ ತಂದು, ಪುಡಿ ಮಾಡಿ, ಅವನು ಮಲಗುವ ಮುಂಚೆ ಕುಡಿಯುವ ಹಾಲಿಗೆ ಬೆರೆಸಿದಳು. ಒಂದು ಸಾಲದೆ ಎರಡಾಯಿತು. ಇದೆಲ್ಲ ನನಗೆ ಗೊತ್ತಾದದ್ದು ತುಂಬ ಆಮೇಲೆ. ಮನೆ ತಣ್ಣಗಾಯಿತು. "ನೋಡಿದ್ಯಾ, ಮನಸ್ಸು ಗಟ್ಟಿ ಇದ್ರೆ ಮಾತ್ರೆ ಯಾಕೆ?" ಎಂದು ಭಾವ ನನ್ನೆದುರು ಬೀಗಿದ್ದ.

ಹೋದ ವರ್ಷ ಅವನ ಕರುಳು ತೂತಾಗಿ ತುರ್ತಾಗಿ ಆಪರೇಷನ್ ಆಯಿತು. ಐಸಿಯುನಲ್ಲಿ ಮೊದಮೊದಲು ಚೇತರಿಸಿಕೊಳ್ಳುವಂತೆ ಕಂಡ. ಆಮೇಲೆ ಕೈ ನಡುಗಲು ಶುರುವಾಯಿತು, ಹಾಸಿಗೆ ಒದ್ದೆಯಾಗುವಷ್ಟು ಬೆವರು. ಗೋಡೆಯ ಮೇಲೆ ಜನ ಹತ್ತುತ್ತಿದ್ದಾರೆ ಎಂದು ಚೀರಿ, ಮೂಗಿನ ನಳಿಕೆ ಕಿತ್ತೆಸೆದ. ಕೈಗಳನ್ನು ಮಂಚಕ್ಕೆ ಕಟ್ಟಿದರು. ಸೋಂಕು ಏರಿತೋ ಎಂದು ರಕ್ತ ತೆಗೆದರು, ತಲೆಯ ಸ್ಕ್ಯಾನ್ ಮಾಡಿದರು. ಏನೂ ಸಿಗಲಿಲ್ಲ.

ಡಾಕ್ಟರಮ್ಮ ನಮ್ಮಿಬ್ಬರನ್ನೂ ಹೊರಗೆ ಕರೆದರು. "ದಿನಾ ತಗೊಳ್ತಿದ್ದದ್ದು ಏನಾದ್ರೂ ಥಟ್ಟನೆ ನಿಂತ್ರೂ ಹೀಗಾಗತ್ತೆ. ಕುಡೀತಿದ್ರಾ?"

"ನಮ್ಮ ಭಾವನಾ? ಸ್ಟಿಯರಿಂಗ್ ಹಿಡಿದ ಕೈ ಅದು. ಒಂದು ತೊಟ್ಟು ಮುಟ್ಟಿಲ್ಲ!" ನಾನು ಜಗಳಕ್ಕೇ ನಿಂತೆ.

"ನಿದ್ದೆಗೆ, ನೋವಿಗೆ ಅಂತ ಮಾತ್ರೆ?"

"ಇಲ್ಲ" ಎಂದಳು ಅಕ್ಕ. ಅವಳ ಮುಖ ಬಿಳಿಚಿಕೊಂಡಿತು. ಗಂಡನನ್ನು ಕುಡುಕ ಅಂದದ್ದಕ್ಕೆ ಅವಮಾನವಾಯಿತೇನೋ ಎಂದುಕೊಂಡೆ ನಾನು, ಪೆದ್ದಿ.

ಮರುದಿನ ಬೆಳಿಗ್ಗೆ ಭಾವನಿಗೆ ಫಿಟ್ಸ್ ಬಂತು. ಇನ್ನೊಮ್ಮೆ ಬಂದರೆ ಒಳಗಿನ ಹೊಲಿಗೆ ಬಿಟ್ಟುಹೋಗಬಹುದು, ಜೀವಕ್ಕೇ ಅಪಾಯ ಎಂದು ನರ್ಸ್ ಹೇಳಿ ಮುಗಿಸುವ ಮೊದಲೇ ಅಕ್ಕ ಡಾಕ್ಟರಮ್ಮನ ಕೈ ಹಿಡಿದುಕೊಂಡಳು. "ನಾನೇ ಹಾಕ್ತಿದ್ದೆ. ಹಾಲಲ್ಲಿ. ಅವ್ರಿಗೆ ಗೊತ್ತೇ ಇಲ್ಲ."

ಡಾಕ್ಟರಮ್ಮ ಕೇಳಿದ್ದು ಇಷ್ಟೇ: "ಯಾವ ಮಾತ್ರೆ, ಎಷ್ಟು?" ಬೈದಿದ್ದರೆ ಅಕ್ಕನಿಗೆ ಒಂದಿಷ್ಟು ಹಗುರವಾಗುತ್ತಿತ್ತು.

ಅದೇ ಬಗೆಯ ಔಷಧಿ ಕೊಟ್ಟ ಮೇಲೆ ನಡುಕ ಇಳಿಯಿತು, ಬುದ್ಧಿ ತಿಳಿಯಾಯಿತು, ಕಟ್ಟು ಬಿಚ್ಚಿದರು. ಮಣಿಕಟ್ಟಿನ ಸುತ್ತ ಕೆಂಪು ಗೆರೆ ಎದ್ದಿತ್ತು. ಅಕ್ಕ ಅದಕ್ಕೆ ಎಣ್ಣೆ ಸವರುತ್ತ, "ನಿನ್ನೆ ಕೇಳಿದಾಗ್ಲೇ ಬಾಯಿ ಬಿಟ್ಟಿದ್ರೆ ಇಷ್ಟಾಗ್ತಿರ್ಲಿಲ್ಲ ಕಣೇ" ಎಂದಳು. ಅವಳು ಹೇಳಿದ್ದು ನಿಜವೇ ಆಗಿತ್ತು.

ಮಾತ್ರೆಯನ್ನು ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವೇ ಇಳಿಸಬೇಕಂತೆ. ಹಾಗಾಗಿ ರೋಗಿಗೆ ತಿಳಿಸಲೇಬೇಕು. "ನಾನು ಹೇಳ್ಲಾ, ನೀವೇ ಹೇಳ್ತೀರಾ?" ಎಂದರು ಡಾಕ್ಟರಮ್ಮ. ಭಾವನನ್ನು ವಾರ್ಡಿಗೆ ತಂದು, ಇನ್ನು ನೀರು, ಗಂಜಿ ಕೊಡಬಹುದು ಎಂದ ದಿನ ಅಕ್ಕ ತಾನೇ ಹೇಳಿದಳು, ಒಂದನ್ನೂ ಮುಚ್ಚಿಡದೆ.

ಭಾವ ಸೂರು ನೋಡುತ್ತ ಮಲಗಿದ್ದ. ಹಾಗೇ ಸಣ್ಣಗೆ ನಕ್ಕ. "ಅದಕ್ಕೇನಾ ನಾನು ಅಷ್ಟು ಗಟ್ಟಿ ಮನುಷ್ಯ ಆಗಿದ್ದು? ಹೋಗ್ಲಿ ಬಿಡೇ. ನಂಗೋಸ್ಕರ ತಾನೇ ಮಾಡಿದ್ದು."

"ಅಲ್ಲ, ನನ್ನ ನಿದ್ದೆಗೋಸ್ಕರ" ಎಂದಳು ಅಕ್ಕ.

ಬಾಯಿ ಒಣಗಿದೆ, ನೀರು ಕೊಡು ಎಂದ ಭಾವ. ಅಕ್ಕ ಲೋಟ ತುಂಬಿ ಕೈಗಿತ್ತಳು. ತುಟಿಗೆ ಇಡುವ ಮೊದಲು ಅವನು ಲೋಟದೊಳಗೆ ಒಮ್ಮೆ ನೋಡಿದ. ತಾನು ಹಾಗೆ ಇಣುಕಿದ್ದನ್ನು ಅಕ್ಕ ನೋಡಿದಳೆಂದು ತಿಳಿದ ಕೂಡಲೇ ಗಟಗಟನೆ ಅಷ್ಟೂ ಕುಡಿದು, "ಇನ್ನೊಂದು ಲೋಟ ಕೊಡು" ಎಂದ.