ದೆಲಿಮಾ ಒತ್ತಿದ ನೂರಾ ಮೂವತ್ತು

ಸುತ್ತಲಿನ ಕೆನಡಾ ಇಂಗ್ಲಿಷ್ ಮಾತಾಡಿದರೂ ಸಾಂತ್ ಮಾರಿ ಕೊಲ್ಲಿಯ ನಾವು ಫ್ರೆಂಚರೇ. ಆದರೆ ನಮ್ಮ ಚರ್ಚಿನ ಕಚೇರಿಗೆ ಬಂದ ಕಂಪ್ಯೂಟರಿನ ಕೀಲಿಮಣೆ ಮಾತ್ರ ಅಪ್ಪಟ ಇಂಗ್ಲಿಷಿನದು. ನಮ್ಮ ಅಕ್ಷರಗಳ ನೆತ್ತಿಯ ಮೇಲೆ ಕೂರುವ ಗೀಟು, ಟೋಪಿ ಒಂದೂ ಅದರಲ್ಲಿಲ್ಲ. ಆಲ್ಟ್ ಒತ್ತಿ ಹಿಡಿದು ಬಲಗಡೆಯ ಅಂಕಿ ಕುಟ್ಟಬೇಕು. E ಅಕ್ಷರದ ಮೇಲಿನ ಓರೆ ಗೀಟಿಗೆ ನೂರಾ ಮೂವತ್ತು, ಅದೇ ಅಕ್ಷರಕ್ಕೆ ಟೋಪಿ ಬೇಕಾದರೆ ನೂರಾ ಮೂವತ್ತಾರು. ದೆಲಿಮಾ ಕೊಮೋ ಇಪ್ಪತ್ತಾರು ವರ್ಷ ಊರಿನ ಹುಟ್ಟು, ಮದುವೆ, ಸಾವುಗಳನ್ನೆಲ್ಲ ಹೀಗೆ ಕುಟ್ಟಿದಳು. ಗೀಟಿಲ್ಲದ ಹೆಸರು ಹೊತ್ತ ಸರ್ಕಾರಿ ಕಾಗದ ಬಂದರೆ ಅವಳಿಗೆ ಮೈ ಉರಿಯುತ್ತಿತ್ತು.

"ನೋಡು, ನಮ್ಮ ಜನರ ತಲೆ ಬೋಳಿಸಿ ಕಳಿಸಿದಾರೆ!"

ಅವಳ ಗಂಡ ಆಲ್ಫೆ ಲಾಬ್‌ಸ್ಟರ್ ಹಿಡಿಯುವವನು. ಯಾರ್ಮತ್ ಪಟ್ಟಣದಲ್ಲಿ ಅವನಿಗೆ ಇನ್ನೊಬ್ಬಳಿದ್ದದ್ದು ಊರಿಗೆಲ್ಲ ಗೊತ್ತಿತ್ತು, ದೆಲಿಮಾಳಿಗೂ. ನವೆಂಬರಿನಲ್ಲಿ, ಕಡಲಿಗೆ ಲಾಬ್‌ಸ್ಟರ್ ಬೋನು ಇಳಿಸುವ ಮೊದಲ ದಿನವೇ ದೋಣಿ ಮಗುಚಿ ಸತ್ತ.

ಗೋರಿಕಲ್ಲು ಕೆತ್ತುವುದು ನನ್ನ ಕಸುಬು. ಕಲ್ಲಿನ ಬರಹವನ್ನು ಅವಳೇ ಟೈಪ್ ಮಾಡಿ ತಂದಳು. ಹೆಸರು, ಇಸವಿ, ಕೆಳಗೆ ಒಂದೇ ಪದ: ಪೆಷರ್. ಆ ಪದಕ್ಕೆ ಟೋಪಿ ಇಟ್ಟರೆ ಮೀನುಗಾರ, ಓರೆ ಗೀಟು ಎಳೆದರೆ ಪಾಪಿ. ಕಾಗದದಲ್ಲಿದ್ದದ್ದು ಗೀಟು.

ನಾನೇನು ಕುರುಡನಲ್ಲ, ನೋಡಿದೆ. ಕಟ್ಟಿಕೊಂಡವಳಿಗೆ ಗೊತ್ತಿಲ್ಲದ್ದು ನನಗೇನು ಗೊತ್ತು ಅಂದುಕೊಂಡು ಬಾಯಿ ಮುಚ್ಚಿಕೊಂಡು ಕೆತ್ತಿದೆ. ಆ ಬಾಯಿಗೆ ಮಣ್ಣು ಹಾಕಬೇಕು.

ಹಿಮ ಕರಗಿದ ಮೇಲೆ ಕಲ್ಲು ನಿಲ್ಲಿಸಿದೆವು. ಭಾನುವಾರ ಪೂಜೆ ಮುಗಿಸಿ ಬಂದವರೆಲ್ಲ ಓದಿದರು. ಆಲ್ಫೆಯ ದೋಣಿಯ ಜೊತೆಗಾರನೊಬ್ಬ ಕಿಸಕ್ಕೆಂದ.

"ಭಲೇ ದೆಲಿಮಾ! ಅವ್ನು ಬದುಕಿದ್ದಾಗ ತುಟಿ ಬಿಚ್ಚಲಿಲ್ಲ, ಈಗ ಕಲ್ಲಲ್ಲೇ ಹಾಕಿಸ್ಬಿಟ್ಯಲ್ಲ!"

ಅವಳು ಬಗ್ಗಿ ನೋಡಿದಳು. ಮುಖ ಬಿಳಿಚಿ, ನನ್ನ ತೋಳು ಹಿಡಿದುಕೊಂಡಳು.

"ಲೆಯಾನ್ಸ್, ಕೊನೇಲಿ ಆರು ಒತ್ತಿದ್ದೆ ಕಣೋ. ದೇವರಾಣೆ ಆರೇ ಒತ್ತಿದ್ದೆ. ಕಣ್ತುಂಬ ನೀರಿತ್ತು, ಬೆರಳು ಜಾರಿರ್ಬೇಕು."

ಗೀಟನ್ನು ಟೋಪಿ ಮಾಡಲು ಪಕ್ಕದಲ್ಲಿ ಇನ್ನೊಂದು ಗೀಟು ಸಾಕು. ಅವತ್ತೇ ಉಳಿ ತಂದು ಕೆತ್ತಿಕೊಟ್ಟೆ. ಅದೇ ಕೆಟ್ಟದ್ದಾಯಿತು.

"ತಿದ್ದಿಸಿದ್ಳಂತೆ. ಮನಸ್ಸು ಚುಚ್ಚಿರ್ಬೇಕು, ಪಾಪ" ಎಂದು ಅಂಗಡಿಯಲ್ಲಿ, ಹಡಗುಕಟ್ಟೆಯಲ್ಲಿ ಆಡಿಕೊಂಡರು.

ಹ್ಯಾಲಿಫ್ಯಾಕ್ಸಿನಿಂದ ಮಗಳು ಜೆಲಿ ಬಂದಳು. ಅಪ್ಪನೆಂದರೆ ಅವಳಿಗೆ ಪ್ರಾಣ. ಗೋರಿಯ ಮುಂದೆ ನಿಂತು, ನನ್ನೆದುರೇ ಕೇಳಿದಳು.

"ಇಷ್ಟು ವರ್ಷ ಊರೋರ ಹೆಸರಲ್ಲಿ ಒಂದು ಗೀಟೂ ತಪ್ಪಲಿಲ್ಲ ನಿಂಗೆ. ಅಪ್ಪಂಗೆ ಮಾತ್ರ ತಪ್ತಾ ಅಮ್ಮ?"

"ನೀನಾದ್ರೂ ಹೇಳೋ ಲೆಯಾನ್ಸ್" ಎಂದಳು ದೆಲಿಮಾ.

ನಾನು ಕಲ್ಲಿನ ಮೇಲಿನ ಧೂಳು ಒರೆಸತೊಡಗಿದೆ. ಕೆತ್ತುವಾಗ, ಬೇಕೆಂದೇ ಬರೆದಿದ್ದಾಳೆ ಅಂತ ನಾನೂ ಎಣಿಸಿದವನು. ಜೆಲಿ ಕಾರು ಹತ್ತಿ ಹೋದಳು. ಆಮೇಲೆ ಒಂದು ಫೋನೂ ಮಾಡಿಲ್ಲ.

ದೆಲಿಮಾ ಕೆಲಸ ಬಿಟ್ಟಳು. ಮೊನ್ನೆ ಮಾತಾಡಿಸಲು ಹೋದಾಗ ಬಾಗಿಲಲ್ಲೇ ನಿಂತು, ತನ್ನ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು.

"ಎಲ್ರೂ ಹೇಳಿ ಹೇಳಿ, ಈಗ ನಂಗೂ ಗೊತ್ತಾಗ್ತಿಲ್ಲ ಕಣೋ. ಜಾರ್ತೋ, ನಾನೇ ಒತ್ತಿದ್ನೋ."