ಹಾರ್ಮೋನಿಯಂ ಕೊಟ್ಟಾಗ ಹೇಳದ ಮಾತು

—ಅಥವಾ ಮಿಷಿನ್ ಹೆಂಗೈತೆ ಎಂದು ಅವತ್ತು ನೀನು ಕೇಳಲೇ ಇಲ್ಲವೇನೋ. ಆದರೆ ನನ್ನ ನೆನಪಿನಲ್ಲಿ ನೀನು ಕೇಳಿದ್ದೀಯ, ನಾನು ಉತ್ತರ ಕೊಟ್ಟಿದ್ದೇನೆ. ಕೆಂಪರಾಜ, ನಿನ್ನ ಬಲಗೈಯ ಮೂರು ಬೆರಳು ತಿಂದ ತಗಡು ಕತ್ತರಿಸುವ ಆ ಪ್ರೆಸ್ಸು ಸರಿಯಿಲ್ಲವೆಂದು ಹಿಂದಿನ ದಿನವೇ ನಾನು ಕಂಡಿದ್ದೆ. ಕಂಡೂ ನನ್ನ ಪಾಳಿಗೆ ನಿನ್ನನ್ನು ಕಳಿಸಿದೆ.

ಇದನ್ನು ನಿನ್ನೆಯೇ ಹೇಳಬೇಕಿತ್ತು. ನನ್ನ ಹಾರ್ಮೋನಿಯಂ ಒಯ್ಯಲು ಮಗಳನ್ನು ಕರೆದುಕೊಂಡು ಗೂಡ್ಸ್ ಆಟೋದಲ್ಲಿ ಬಂದಿದ್ದೆಯಲ್ಲ, ಆಗ. ನಾನದನ್ನು ಮುಟ್ಟದೆ ವರ್ಷಗಳಾಗಿದ್ದವು.

"ನೀನೂ ಬಾರ್ಸಲ್ಲ, ನನ್ ಕೈಲೂ ಆಗಲ್ಲ, ಇವ್ಳಾದ್ರೂ ಕಲೀಲಿ. ಇಲ್ದಿದ್ರೆ ಒಳಗೆ ಇಲಿ ಸಂಸಾರ ಹೂಡ್ತವೆ, ಅಷ್ಟೇಯ," ಎಂದು ನೀನು ನಕ್ಕೆ.

ನಿನ್ನ ಮಗಳು ಮುಚ್ಚಳ ತೆಗೆದು ತಿದಿ ಒತ್ತಿದಳು. ಸ್ವರ ಬಂತು. ಬಾರದಿದ್ದರೆ ಚೆನ್ನಾಗಿತ್ತು ಅನ್ನಿಸಿತು ನನಗೆ.

"ಮಾವ, ನೀವ್ಯಾಕೆ ನಿಲ್ಲಿಸ್ಬುಟ್ರಿ?"

ನಾನು ಬಾಯಿ ತೆರೆಯುವ ಮೊದಲೇ ನೀನು ಹೇಳಿದೆ: "ನನ್ ಕೈ ಹಿಂಗಾದ್ಮೇಲೆ ಬಾವಂಗೆ ಬಾರ್ಸಕೆ ಮನಸ್ಸೇ ಬರ್ನಿಲ್ಲ ಕಣವ್ವ. ಇಂಥೋರು ಎಲ್ಲವ್ರೆ?"

ಊರೂ ಹೀಗೇ ಹೇಳುತ್ತದೆ. ಚಂದದ ಕತೆ. ಇಷ್ಟು ವರ್ಷ ನಾನು ಅದರೊಳಗೇ ಬೆಚ್ಚಗೆ ಮಲಗಿದ್ದೇನೆ.

ಈಗ ನನಗೆ ನೆನಪಿರುವಂತೆ—ಅದನ್ನೂ ಪೂರ್ತಿ ನಂಬಬೇಡ.

ಬಿಡದಿಯ ಸುತ್ತ ರಾಗಿ ಹೊಲಗಳಲ್ಲಿ ತಗಡಿನ ಶೆಡ್ಡುಗಳು ಏಳುತ್ತಿದ್ದ ಕಾಲ. ನಮ್ಮಿಬ್ಬರಿಗೂ ಒಂದೇ ಕಾರ್ಖಾನೆ, ಒಂದೇ ಪ್ರೆಸ್ಸು. ತಗಡನ್ನು ಅಚ್ಚಿಗಿಟ್ಟು ಪೆಡಲ್ ತುಳಿದರೆ ಮೇಲಿನ ಭಾರ ಇಳಿದು ಕತ್ತರಿಸುತ್ತಿತ್ತು. ಪಾಳಿ ಬದಲಾಗುವಾಗ ಬರುವವನು ಹೋಗುವವನನ್ನು ಮಿಷಿನ್ ಹೆಂಗೈತೆ ಎಂದು ಕೇಳಬೇಕು. ನಮಸ್ಕಾರದಷ್ಟೇ ರೂಢಿಯಾಗಿದ್ದ ಮಾತು.

ಊರಲ್ಲಿ ಪೌರಾಣಿಕ ನಾಟಕ. ಹಾರ್ಮೋನಿಯಂ ನನ್ನದು, ಬಾರಿಸಲು ಅವರು ಕೇಳಿದ್ದು ನಿನ್ನನ್ನು. "ಪೆಟ್ಟಿಗೆ ನಿಂದಿರ್ಲಿ, ಕೈ ಕೆಂಪಂದಿರ್ಲಿ ಕಣ್ಲಾ," ಎಂದು ಕೃಷ್ಣನ ಪಾತ್ರದವನು ಎಲ್ಲರೆದುರು ಹೇಳಿದ. ಎಲ್ಲರೂ ನಕ್ಕರು. ನಾನೂ ನಕ್ಕಿರಬೇಕು.

ನಾಟಕದ ದಿನ ನಿನಗೆ ರಜೆ, ನನಗೆ ಎರಡನೇ ಪಾಳಿ. ಮಧ್ಯಾಹ್ನ ದೊಡ್ಡಮಳೂರಿನ ಬಸ್‌ಸ್ಟಾಪಿನಲ್ಲಿ ನಿನ್ನ ಕೈ ಹಿಡಿದು ಬೇಡಿದೆ—ಇದೊಂದು ಸಲ ನಾನು ಬಾರಿಸುತ್ತೇನೆ, ನನ್ನ ಬದಲು ನೀನು ಕೆಲಸಕ್ಕೆ ಹೋಗು. ಕೈ ಹಿಡಿದದ್ದು ನಿಜವೋ, ಆಮೇಲೆ ನಾನು ಸೇರಿಸಿಕೊಂಡದ್ದೋ—ಅನುಮಾನ.

"ನಿನ್ ಪೆಟ್ಟಿಗೆ, ನೀನೇ ಬಾರ್ಸ್ಲಾ ಬಾವ. ಕೃಷ್ಣ ಶ್ರುತಿ ಬುಟ್ಟು ಓಡೋದ್ರೆ ಮಾತ್ರ ನನ್ನ ಬೈಬ್ಯಾಡ."

ಬಸ್ಸಿನ ಮೆಟ್ಟಿಲೇರಿ ನೀನು ತಿರುಗಿದೆ. "ಮಿಷಿನ್ ಹೆಂಗೈತೆ?"

"ಚೆನ್ನಾಗೈತೆ, ಹೋಗು."

ಹಿಂದಿನ ದಿನ, ನಾನು ಪೆಡಲ್ ತುಳಿಯದಿದ್ದರೂ, ಭಾರ ಒಮ್ಮೆ ತಾನಾಗಿ ಇಳಿದಿತ್ತು. ನನ್ನ ಕೈ ಹೊರಗಿತ್ತು, ಉಳಿಯಿತು. ಮಿಷಿನ್ ರಿಪೇರಿಯ ಫಿಟ್ಟರ್‌ಗೆ ತಿಳಿಸಿದೆ ಎಂದು ಬಹಳ ಕಾಲ ನಂಬಿದ್ದೆ. ಆದರೆ ಆ ನೆನಪಿನಲ್ಲಿ ಫಿಟ್ಟರ್‌ಗೆ ಮುಖವಿಲ್ಲ. ಅವನು ಏನೂ ಅನ್ನುವುದಿಲ್ಲ. ಅಂಥವನಿಗೆ ತಿಳಿಸಿದ್ದು ತಿಳಿಸಿದ್ದೇ ಅಲ್ಲ.

ಸುದ್ದಿ ಬಂದಾಗ ನಾನು ಬಾರಿಸುತ್ತಿದ್ದೆ. ಯಾರೋ ಬಗ್ಗಿ ಕಿವಿಯಲ್ಲಿ ಹೇಳಿದರು—ಕೆಂಪನ ಕೈ ಹೋಯ್ತು. ಜನ ಅವತ್ತೇ ಮೊದಲ ಸಲ ನನ್ನ ಬಾರಿಸುವಿಕೆಗೆ ತಲೆದೂಗುತ್ತಿದ್ದರು. ಆ ಹಾಡು ಮುಗಿಯುವ ತನಕ ನಾನು ಏಳಲಿಲ್ಲ. ಇದರಲ್ಲಿ ಮಾತ್ರ ನನಗೆ ಅನುಮಾನವಿಲ್ಲ.

ಆಮೇಲೆ ಬಾರಿಸುವುದನ್ನು ಬಿಟ್ಟದ್ದು ದುಃಖದಿಂದಲ್ಲ, ಹೆದರಿಕೆಯಿಂದ. ತಿದಿ ಒತ್ತಿದಾಗ, ಸ್ವರ ಹುಟ್ಟುವ ಮುಂಚೆ, ಒಳಗೆ ಗಾಳಿ ಸರಿಯುವ ಸದ್ದೊಂದಿದೆ. ಆ ಪ್ರೆಸ್ಸೂ ಇಳಿಯುವ ಮುಂಚೆ ಹಾಗೇ ಉಸ್ಸೆನ್ನುತ್ತಿತ್ತು. ಒಬ್ಬನೇ ಕೂತು ಒತ್ತಿದಾಗಲೆಲ್ಲ ಕೈ ತಾನಾಗಿ ಹಿಂದಕ್ಕೆ ಬರುತ್ತಿತ್ತು—ಯಾವುದೋ ಇನ್ನೂ ಮೇಲೆ ನಿಂತಿದೆ, ಇಳಿಯುವುದು ಬಾಕಿ ಇದೆ ಎಂಬಂತೆ.

ನಿನ್ನೆ ಹೊರಡುವಾಗ ನೀನು ಉಳಿದ ಎರಡು ಬೆರಳಿನಿಂದ ನನ್ನ ಭುಜ ಒತ್ತಿದೆ. ನಿನ್ನ ಕಣ್ಣು ತುಂಬಿತ್ತು. ನಾನು ಭುಜ ಕೊಟ್ಟು ನಿಂತೆ, ದೊಡ್ಡ ಮನುಷ್ಯನ ಹಾಗೆ.

ನಾಳೆ ನಿನ್ನ ಮನೆಗೆ ಬರುತ್ತೇನೆ. ಮಗಳ ಎದುರೇ ಹೇಳುತ್ತೇನೆ. ಹಾರ್ಮೋನಿಯಂ ಬೀದಿಗೆ ಎಸೆಯಬೇಕೆನಿಸಿದರೆ ಎಸೆ. ಆದರೆ ನೀನು ಕೇಳಿಯೇ ಕೇಳುವ ಒಂದು ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ. ಆ ಬಸ್‌ಸ್ಟಾಪಿನಲ್ಲಿ, ನಿನ್ನ ಮುಖ ನೋಡುತ್ತ ಚೆನ್ನಾಗೈತೆ ಎನ್ನುವಾಗ, ಹಿಂದಿನ ದಿನದ್ದು ನನಗೆ ಮರೆತೇ ಹೋಗಿತ್ತೋ, ಇಲ್ಲವೇ ನೆನಪಿದ್ದೂ, ನಿನ್ನ ಆ ಕೈ—

ನನಗೆ ಗೊತ್ತಿಲ್ಲ.